ಕೋಟೆಯೊಳಗೆ ಕಾವಲು, ಹೊರದಾರಿಯಲ್ಲಿ ಹೇನು

ನಾರ್ವೆ ದೇಶದ ಪಶ್ಚಿಮ ಕರಾವಳಿಯಲ್ಲಿ, ಬೇಸಗೆಯ ರಾತ್ರಿಯೂ ಪೂರ್ತಿ ಕತ್ತಲಾಗದಷ್ಟು ಉತ್ತರಕ್ಕೆ, ಕಡಲು ಸುಮಾರು 130 ಕಿಲೋಮೀಟರು ದೂರ ನೆಲದೊಳಕ್ಕೆ ನುಗ್ಗಿ ಬಂದಿದೆ. ಹಿಮನದಿಗಳು ಕೊರೆದ ಕಣಿವೆಗೆ ಸಮುದ್ರ ತುಂಬಿ ಆದ ಇಂಥ ಚಾಚುಗಡಲಿಗೆ ಫಿಯೋರ್ಡು ಎಂದು ಹೆಸರು. ಈ ಟ್ರೊಂಡ್‌ಹೈಮ್ ಫಿಯೋರ್ಡಿನ ಅತ್ಯಂತ ಆಳ 617 ಮೀಟರು. ಬಾಯಿಯ ಬಳಿಯಾದರೋ ತಳವು ಹೊಸ್ತಿಲಿನಂತೆ ಎದ್ದು ನಿಂತಿದೆ. ತೌತ್ರಾ ದ್ವೀಪದ ಹತ್ತಿರ, ಕೇವಲ 39 ಮೀಟರು ಆಳದಲ್ಲಿ, ತಣ್ಣೀರಿನ ಹವಳ ಬೆಳೆದಿದೆ. ಹವಳವೆಂದರೆ ಬೆಚ್ಚನೆಯ ಕಡಲಿನದೇ ಎಂದು ಭಾವಿಸುವವರಿಗೆ ಇದೊಂದು ಸೋಜಿಗ.

ಆದರೆ ಇಂದು ನಾವು ಹೇಳಹೊರಟಿರುವುದು ಸಾಲ್ಮನ್ ಮೀನಿನ ಮಾತು. ಗೌಲಾ, ಊರ್ಕ್ಲಾ ಮೊದಲಾದ ನದಿಗಳಲ್ಲಿ ಹುಟ್ಟಿದ ಮರಿಗಳು ಗೇಣುದ್ದವೂ ಬೆಳೆಯದಿರುವಾಗಲೇ ವಸಂತದಲ್ಲಿ ಈ ಫಿಯೋರ್ಡನ್ನು ಹಾದು ಮಹಾಸಾಗರಕ್ಕೆ ಹೊರಡುತ್ತವೆ. ಅವುಗಳ ರಕ್ಷಣೆಗೆಂದೇ ಇದನ್ನು ರಾಷ್ಟ್ರೀಯ ಸಾಲ್ಮನ್ ಫಿಯೋರ್ಡು ಎಂದು ಸಾರಿ, ಒಳಗೆ ಸಾಲ್ಮನ್ ಸಾಕಣೆಗೆ ಅವಕಾಶ ಕೊಟ್ಟಿಲ್ಲ. ಅದು ಸರಿಯೆ. ಹಾಗಿದ್ದೂ 2024ರ ಜೂನಿನಲ್ಲಿ ಮೀನು ಬಹಳ ಕಡಮೆ ಬಂದುದರಿಂದ ದೇಶದ 33 ನದಿಗಳಲ್ಲಿ ಸಾಲ್ಮನ್ ಹಿಡಿಯುವುದನ್ನು ನಿಲ್ಲಿಸಬೇಕಾಯಿತು. ಗೌಲಾ, ಊರ್ಕ್ಲಾ ಎರಡೂ ಅವುಗಳಲ್ಲಿ ಸೇರಿದ್ದವು.

ಕಾವಲು ಇರುವುದು ಕೋಟೆಯೊಳಗೆ ಮಾತ್ರ. ಹೊಸ್ತಿಲಾಚೆ ಹಿತ್ರಾ, ಫ್ರೋಯಾ ದ್ವೀಪಗಳ ಸುತ್ತ ಸಾಕಣೆಯ ಬಲೆಪಂಜರಗಳು ತೇಲುತ್ತವೆ. ಈ ಉದ್ಯಮ ಚಿಗುರಿದ್ದೇ 1970ರ ಸುಮಾರಿಗೆ ಹಿತ್ರಾದಲ್ಲಿ. ಸೀಗಡಿಯ ಬಳಗಕ್ಕೆ ಸೇರಿದ ಸಾಲ್ಮನ್ ಹೇನು ಅಲ್ಲಿ ವೃದ್ಧಿಯಾಗುತ್ತದೆ. ನದಿನೀರು ಬೆರೆತು ಸಪ್ಪೆಯಾದ ಮೇಲ್ಪದರಕ್ಕೆ ಈ ಹೇನಿನ ಮರಿ ಒಗ್ಗದು. ಆದುದರಿಂದ ಒಳಗಿನ ಫಿಯೋರ್ಡು ಸಹಜವಾಗಿಯೇ ಸುರಕ್ಷಿತ. ಉಪ್ಪು ಹೆಚ್ಚಿದ ಹೊರದಾರಿಯಲ್ಲೇ ಮುತ್ತಿಗೆ. ಮೈಯ ಲೋಳೆಯನ್ನೂ ಚರ್ಮವನ್ನೂ ಮೇಯುವ ಇಂಥ ಹತ್ತು ಹೇನು ಅಂಟಿದರೆ ಪುಟ್ಟ ಮೀನು ಸಾಯುವುದುಂಟು.

ಸರಕಾರದ ಮಿತಿಯಿದೆ: ವಸಂತದಲ್ಲಿ ಸರಾಸರಿ ಐದು ಸಾಕುಮೀನಿಗೆ ಒಂದು ಬಲಿತ ಹೆಣ್ಣು ಹೇನು. ಕೇಳಲು ಬಿಗಿಯಾದುದೆ. ಆದರೆ ಒಂದೇ ಪಂಜರದಲ್ಲಿ 2 ಲಕ್ಷ ಮೀನು ಇಡಬಹುದು. ಮಿತಿಯೊಳಗೇ 40,000 ಹೆಣ್ಣು ಹೇನುಗಳಾದವು! ಒಂದೊಂದೂ ಒಂದು ಸಲಕ್ಕೆ ನೂರಾರು ಮೊಟ್ಟೆಯಿಡುತ್ತದೆ. ಒಂದು ಮೀನಿಗೆ ಇಷ್ಟು ಎಂಬ ಲೆಕ್ಕ ಸಾಕುವವನಿಗೆ ಅನುಕೂಲ. ಹಾದುಹೋಗುವ ಮರಿಗೆ ಬೇಕಾದುದು ನೀರಿನಲ್ಲಿ ಒಟ್ಟು ಎಷ್ಟು ಎಂಬ ಲೆಕ್ಕ. ಮಿತಿಯನ್ನು ಒಟ್ಟು ಹೇನಿಗೆ ಹಾಕಬೇಕೆಂಬುದೇ ನಮ್ಮ ಅಭಿಪ್ರಾಯ.

ಸಾಗರದಲ್ಲಿ ಆಹಾರ ಕುಂದಿದೆ, ನೀರು ಬೆಚ್ಚಗಾಗಿದೆ, ಹೇನೊಂದನ್ನೇ ದೂರುವುದೇಕೆ ಎಂದು ಉದ್ಯಮಿಗಳು ಕೇಳಬಹುದು. ಕಾರಣಗಳು ಹಲವು, ನಿಜ. ಅವುಗಳಲ್ಲಿ ಸಾಗರವನ್ನು ತಣಿಸುವುದು ಒಂದು ದೇಶದ ಕೈಯಲ್ಲಿಲ್ಲ. ಮರಿಗಳು ಸಾಗುವ ವಾರಗಳಲ್ಲಿ ದಾರಿಬದಿಯ ಪಂಜರಗಳನ್ನು ಬರಿದಾಗಿಡುವುದು, ಇಲ್ಲವೇ ಮೀನನ್ನು ಮುಚ್ಚಿದ ತೊಟ್ಟಿಗಳಲ್ಲಿ ಸಾಕುವುದು ನಾರ್ವೆಯವರಿಂದಲೇ ಆಗತಕ್ಕ ಕೆಲಸ. ಖರ್ಚು ಹೆಚ್ಚುತ್ತದೆ, ಅದನ್ನು ಸಾಲ್ಮನ್ ಮಾರಿ ಲಾಭ ಪಡೆಯುವವರೇ ಹೊರತಕ್ಕದ್ದು.