ಬಿಡುವಿನ ಮಾತು: ನೀರು ಸುತ್ತಿದ ಮನೆಗಳು

ಕಂದಕವೆಂದೊಡನೆ ನಮಗೆ ನೆನಪಾಗುವುದು ಚಿತ್ರದುರ್ಗ. ಪಾಳೆಯಗಾರ, ದಂಡು, ಲಗ್ಗೆ ಹತ್ತುವ ಶತ್ರು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಾದರೋ ಕೋಟೆಯೂ ಇಲ್ಲದ, ದಂಡೂ ಇಲ್ಲದ ಬರಿಯ ಜಮೀನುದಾರರು ತಮ್ಮ ಮನೆಗಳ ಸುತ್ತ ಕಂದಕ ತೋಡಿಸಿದ್ದರು. ಒಂದೆರಡಲ್ಲ, ಸುಮಾರು 6,000 ಕಡೆ ಅದರ ಗುರುತುಗಳಿವೆ. ಹೆಚ್ಚಿನವು 1250ರಿಂದ 1350ರೊಳಗಿನವು. ಅಷ್ಟೊಂದು ಭಯವಿತ್ತೇ ಆ ಜನಕ್ಕೆ?

ಕಳ್ಳಕಾಕರ ಭಯ ಇದ್ದೀತು. ಆದರೆ ದಂಡೆತ್ತಿ ಬಂದವರನ್ನು ತಡೆಯುವ ಶಕ್ತಿ ಈ ಕಂದಕಗಳಿಗೆ ಬಹುಮಟ್ಟಿಗೆ ಇರಲಿಲ್ಲ. ದೊಡ್ಡ ಪ್ರಭುಗಳ ಕೋಟೆಗಳ ಸುತ್ತ ನೀರಿತ್ತು. ಅದನ್ನು ಕಂಡು ಸಣ್ಣವರಿಗೂ ಆಸೆಯಾಯಿತು. ಪಟೇಲರ ಮನೆಗೆ ಮಹಡಿ ಬಂದ ಮೇಲೆ ಶಾನುಭೋಗರು ಸುಮ್ಮನಿರುತ್ತಾರೆಯೇ? ಗೋಡೆಗೆ ಕೋಟೆಯಂತೆ ತೆನೆ ಕಟ್ಟಿಸಬೇಕಾದರೆ ದೊರೆಯ ಅಪ್ಪಣೆಪತ್ರ ಪಡೆಯುವ ವಾಡಿಕೆಯಿತ್ತು. ಕಂದಕಕ್ಕೆ ಬೇಕಾದದ್ದು ಗುದ್ದಲಿ ಮಾತ್ರ. ಕಡತಗಳ ನಡುವೆ ಬಾಳುವ ನಮ್ಮಂಥವರಿಗೆ ಈ ಅನುಕೂಲದ ಬೆಲೆ ಚೆನ್ನಾಗಿ ಗೊತ್ತು!

ಉಪಯೋಗವೂ ಇತ್ತೆನ್ನಿ. ಪೂರ್ವ ಮತ್ತು ಮಧ್ಯ ಭಾಗಗಳಲ್ಲಿ ನೀರು ಇಂಗದ ಜೇಡಿಮಣ್ಣು ಬಹಳ. ತೋಡಿದ ಮಣ್ಣನ್ನು ನಡುವೆ ಹರಡಿದರೆ ನೆಲ ಎತ್ತರವಾಯಿತು, ಮಳೆನೀರು ಕಂದಕಕ್ಕಿಳಿಯಿತು. ಅದರಲ್ಲಿ ಮೀನು ಸಾಕುವುದೂ ಉಂಟು. ಮಾಂಸ ಬಿಟ್ಟ ವ್ರತದ ದಿನಗಳಿಗೆ ಮೀನು ಬೇಕಿತ್ತು. ಪಾಯಖಾನೆಯ ಕೊಳಚೆ ಹೋಗಿ ಸೇರುತ್ತಿದ್ದುದೂ ಅಲ್ಲಿಗೇ. ಮುಂದಿನದನ್ನು ವಾಚಕರ ಊಹೆಗೆ ಬಿಡುತ್ತೇವೆ.

ವಾರಿಕ್‌ಷೈರಿನ ಬ್ಯಾಡ್ಸ್‌ಲಿ ಕ್ಲಿಂಟನ್ ಎಂಬ ಮನೆಯಲ್ಲಿ ಆ ಕೊಳಚೆಯ ಸುರಂಗವೇ ಪ್ರಾಣ ಉಳಿಸಿತು. ಕ್ಯಾಥೊಲಿಕ್ ಪಾದ್ರಿಗಳು ಸಿಕ್ಕಿಬಿದ್ದರೆ ಮರಣದಂಡನೆಯಾಗುತ್ತಿದ್ದ ಕಾಲ. 1591ರ ಅಕ್ಟೋಬರಿನ ಒಂದು ಬೆಳಗಿನ ಜಾವ ಸರಕಾರದ ಶೋಧಕರು ಬಾಗಿಲು ಬಡಿದರು. ಒಳಗೆ ಹೆನ್ರಿ ಗಾರ್ನೆಟ್, ಜಾನ್ ಜೆರಾರ್ಡ್ ಮೊದಲಾದ ಪಾದ್ರಿಗಳಿದ್ದರು. ಆ ಪ್ರಸಂಗ ನಡೆದದ್ದು ಈ ಮನೆಯಲ್ಲಿಯೇ ಎಂದು ಬಲ್ಲವರು ಗುರುತಿಸುತ್ತಾರೆ. ಆಳುಗಳು ಹೊರಗೆ ಮಾತಿಗೆ ಮಾತು ಬೆಳೆಸಿ ತಡೆಹಿಡಿದಿರುವಷ್ಟರಲ್ಲಿ ಪಾದ್ರಿಗಳು ಕೆಳಗಿನ ಸುರಂಗಕ್ಕಿಳಿದರು. ನಾಲ್ಕು ಗಂಟೆ ಕಾಲ ಕೆಸರುನೀರಿನಲ್ಲಿ ಉಸಿರು ಬಿಗಿಹಿಡಿದು ನಿಂತರು. ಶೋಧಕರು ಬರಿಗೈಯಲ್ಲಿ ಹಿಂದಿರುಗಿದರು. ಕಂದಕ ಅವರನ್ನು ತಡೆಯಲಿಲ್ಲ, ನಿಜ. ಆದರೂ ಅದಕ್ಕೆ ಕೊಳಚೆ ಸಾಗಿಸುತ್ತಿದ್ದ ದಾರಿ ಕೆಲಸಕ್ಕೆ ಬಂತು!

ಆ ಮನೆ ಇಂದಿಗೂ ನೀರಿನ ನಡುವೆ ನಿಂತಿದೆ. ಉಳಿದ ಬಹುಪಾಲು ಕಡೆ ಹಳೆಯ ಮನೆಯೇ ಇಲ್ಲ. ಹುಲ್ಲುಗಾವಲಿನಲ್ಲಿ ಚೌಕಾಕಾರದ ಹಳ್ಳ, ಮೇಯುವ ದನ. ಎಷ್ಟನ್ನೋ ಮುಚ್ಚಿ ಉತ್ತುಬಿಟ್ಟರು. ಕೆಲವಕ್ಕೆ ಕಾನೂನಿನ ರಕ್ಷಣೆ ದೊರೆತಿದೆ. ತಳದ ಒದ್ದೆ ಕೆಸರಿನಲ್ಲಿ ಅಂದಿನವರು ಎಸೆದ ಚರ್ಮದ ಜೋಡು, ಮರದ ಬಟ್ಟಲು ಏಳೆಂಟು ಶತಮಾನ ಕೆಡದೆ ಉಳಿಯಬಲ್ಲವು. ನೀರು ಬಸಿದು ಕೆಸರು ಒಣಗಿತೆಂದರೆ ಮಾತ್ರ ಅವು ಬೇಗನೆ ಮಣ್ಣಾಗುತ್ತವೆ.