ಟಿಪ್ಪಣಿ ಪುಸ್ತಕಕ್ಕೆ ಕೈಕಾಲು ಬಂದಾಗ

ಕ್ಯಾತ್ಸಂದ್ರವೆಂದೊಡನೆ ತಟ್ಟೆ ಇಡ್ಲಿಯ ನೆನಪಾಗದವರು ವಿರಳ. ಅಲ್ಲಿಯ ಹೋಟೆಲೊಂದನ್ನು ಕಲ್ಪಿಸಿಕೊಳ್ಳೋಣ. ಗಿರಾಕಿ ಕೇಳಿದುದನ್ನು ಒಬ್ಬನು ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಚೀಟಿ ಅಡಿಗೆಮನೆಗೆ ಹೋಗುತ್ತದೆ. ಅಲ್ಲಿಂದ ತಟ್ಟೆ ಹೊರಕ್ಕೆ ಬರುತ್ತದೆ. ಗಲ್ಲಾದಲ್ಲಿ ಲೆಕ್ಕ ಸೇರುತ್ತದೆ. ಚೀಟಿಯು ಬರೆದವನ ಜೇಬಿನಲ್ಲಿಯೇ ಉಳಿದುಬಿಟ್ಟರೆ ಗಿರಾಕಿಯ ಹೊಟ್ಟೆ ತುಂಬುವುದಿಲ್ಲ. ಬರೆಹವು ಕಾರ್ಯವಾಗಬೇಕಾದರೆ ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವವನೊಬ್ಬನು ಬೇಕು.

ನಮ್ಮ ವಿದ್ಯಾರ್ಥಿಗಳ ಟಿಪ್ಪಣಿಗಳ ಸ್ಥಿತಿ ಬಹುಮಟ್ಟಿಗೆ ಈ ಜೇಬಿನ ಚೀಟಿಯಂತೆಯೇ ಇದೆ. ಕ್ಯಾತ್ಸಂದ್ರದ ಮನೆಯಿಂದ ಪ್ರತಿದಿನ ತುಮಕೂರಿನ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿನಿಯೊಬ್ಬಳನ್ನು ನೆನೆಯಿರಿ. ಪಾಠದ ಟಿಪ್ಪಣಿ ಒಂದು ಕಡೆ, ಪ್ರಯೋಗಶಾಲೆಯ ಅಳತೆಗಳು ಇನ್ನೊಂದು ಕಡೆ, ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನ ಮೊಬೈಲಿನ ಯಾವುದೋ ಸಂದೇಶದಲ್ಲಿ. ಬರೆದುಕೊಂಡದ್ದುಂಟು, ಬೇಕಾದ ಹೊತ್ತಿಗೆ ಅದು ಕಣ್ಣೆದುರಿಗೆ ಇರದು.

ಈ ತೊಡಕನ್ನು ನೀಗಲು ಎರಡು ಬಗೆಯ ಸಾಧನಗಳು ಇಂದು ದೊರೆಯುತ್ತವೆ. ಮೊದಲನೆಯದು ನೋಷನ್‌ನಂತಹ ಟಿಪ್ಪಣಿ ತಾಣ. ಅಲ್ಲಿ ಬರೆಹವನ್ನು ಹಾಳೆಗಳಲ್ಲಿಯೂ, ದಿನಾಂಕ, ವಿಷಯ ಮುಂತಾದ ಅಂಕಣಗಳುಳ್ಳ ಕೋಷ್ಟಕಗಳಲ್ಲಿಯೂ ಇರಿಸಬಹುದು. ಎರಡನೆಯದು 2011ರಲ್ಲಿ ಅಮೆರಿಕದಲ್ಲಿ ಆರಂಭವಾದ ಜ್ಯಾಪಿಯರ್, 2019ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಎನ್-ಎಯ್ಟ್-ಎನ್ ಮೊದಲಾದ ಸ್ವಯಂಚಾಲಕ ಸಾಧನ. ಒಂದು ತಂತ್ರಾಂಶದಲ್ಲಿ ನಡೆದುದನ್ನು ಇನ್ನೊಂದಕ್ಕೆ ಮುಟ್ಟಿಸುವುದೇ ಇದರ ಕೆಲಸ. 2021ರ ಮೇ ತಿಂಗಳಲ್ಲಿ ನೋಷನ್ ಸಂಸ್ಥೆಯು ಹೊರಗಿನ ತಂತ್ರಾಂಶಗಳಿಗೆ ತನ್ನ ಬಾಗಿಲನ್ನು ತೆರೆಯಿತು. ಅಲ್ಲಿಂದ ಈಚೆಗೆ ಇವೆರಡನ್ನೂ ಬೆಸೆಯುವುದು ಸಾಮಾನ್ಯ ವಿದ್ಯಾರ್ಥಿಗೂ ಸಾಧ್ಯವಾಗಿದೆ.

ಬೆಸುಗೆಯ ಮರ್ಮ ಸರಳವಾದುದು: ‘ಇಂತಹುದು ಸಂಭವಿಸಿದರೆ ಇಂತಹುದನ್ನು ಮಾಡು’ ಎಂಬ ಒಂದು ವಿಧಿ. ಮೊದಲ ಅರ್ಧವನ್ನು ಪ್ರೇರಣೆಯೆಂದೂ ಎರಡನೆಯದನ್ನು ಕ್ರಿಯೆಯೆಂದೂ ಕರೆಯೋಣ. ಕೋಷ್ಟಕದಲ್ಲಿ ಹೊಸದೊಂದು ಸಾಲು ಸೇರುವುದು ಪ್ರೇರಣೆ. ಅದರ ದಿನಾಂಕವನ್ನು ಕ್ಯಾಲೆಂಡರಿಗೆ ಏರಿಸಿ ಸಹಪಾಠಿಗಳಿಗೆ ಇಮೇಲ್ ಕಳುಹಿಸುವುದು ಕ್ರಿಯೆ. ಸಾಲು ಸೇರಿತೆಂಬುದು ಯಂತ್ರಕ್ಕೆ ತಿಳಿಯುವುದು ಹೇಗೆ? ಕಾಗದ ಬಂದಿದೆಯೇ ಎಂದು ನಾವೇ ಆಗಾಗ ಅಂಚೆ ಕಚೇರಿಗೆ ಹೋಗಿ ವಿಚಾರಿಸುವುದು ಒಂದು ಮಾರ್ಗ. ಅಂಚೆಯವನೇ ಮನೆಬಾಗಿಲಿಗೆ ತಂದುಕೊಡುವುದು ಇನ್ನೊಂದು. ಸ್ವಯಂಚಾಲಕಗಳಲ್ಲಿ ಈ ಎರಡು ಮಾರ್ಗಗಳೂ ಉಂಟು. ಮೊದಲನೆಯದರಲ್ಲಿ ಕೆಲವು ನಿಮಿಷಗಳ ವಿಳಂಬ ಸಹಜ. ವಿಚಾರಣೆಗೂ ಮಿತಿಯಿದೆ: ನೋಷನ್ ಒಂದು ಬೆಸುಗೆಗೆ ಸರಾಸರಿ ಸೆಕೆಂಡಿಗೆ 3 ಕೋರಿಕೆಗಳನ್ನು ಮಾತ್ರ ಒಪ್ಪುತ್ತದೆ.

ಇಷ್ಟು ಅನುಕೂಲವಿರುವಾಗ ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿ ನಿಶ್ಚಿಂತರಾಗಬಹುದಲ್ಲವೇ? ಇಲ್ಲವೆಂಬುದೇ ನಮ್ಮ ಅಭಿಪ್ರಾಯ. ಯಂತ್ರವು ಒಯ್ಯಬಲ್ಲುದು, ವಿವೇಚಿಸಲಾರದು. ವಿದ್ಯಾರ್ಥಿನಿಯು ಅರ್ಜಿಯ ದಿನವನ್ನು 3-4 ಎಂದು ಬರೆದಳೆನ್ನೋಣ. ನಮಗೆ ಅದು ಏಪ್ರಿಲ್ 3. ಅಮೆರಿಕದ ರೂಢಿಯಂತೆ ಓದುವ ತಂತ್ರಾಂಶಕ್ಕೆ ಮಾರ್ಚ್ 4. ಕಾಗದದ ಪುಸ್ತಕದಲ್ಲಿ ಈ ಸಂದಿಗ್ಧವು ಒಂದು ಪುಟದಲ್ಲಿಯೇ ಮಲಗಿರುತ್ತಿತ್ತು. ಬೆಸುಗೆಯಾದ ಮೇಲೆ ಅದು ಕ್ಷಣಮಾತ್ರದಲ್ಲಿ ಕ್ಯಾಲೆಂಡರನ್ನೂ ನಲವತ್ತು ಸಹಪಾಠಿಗಳ ಅಂಚೆಪೆಟ್ಟಿಗೆಗಳನ್ನೂ ಸೇರುವುದು. ಇನ್ನೊಂದು ಅಪಾಯವೂ ಉಂಟು. ಸಾಲು ಬದಲಾದಾಗ ಸ್ವಯಂಚಾಲಕವು ಅದೇ ಸಾಲಿನಲ್ಲಿ ಏನನ್ನೋ ಬರೆಯುವಂತೆ ವಿಧಿಸಿದರೆ, ಆ ಬರೆಹವೇ ಹೊಸ ಪ್ರೇರಣೆಯಾಗಿ, ಗಾಣದೆತ್ತಿನಂತೆ ಕಾರ್ಯವು ಸುತ್ತುತ್ತಲೇ ಇರುವುದು.

ಇದೇ ತತ್ತ್ವವು ನಮ್ಮ ರಾಜ್ಯದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಆಚರಣೆಗೆ ಬಂದಿರುವುದನ್ನು ವಾಚಕರು ಗಮನಿಸಬೇಕು. 2000ದ ಇಸವಿಯ ಸುಮಾರಿಗೆ ಕರ್ನಾಟಕವು ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿತು. ಮುಂದೆ ಈ ದಾಖಲೆಯನ್ನು ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶಕ್ಕೆ ಬೆಸೆಯಲಾಯಿತು. ಜಮೀನಿನ ಕ್ರಯಪತ್ರವು ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದರೆ, ಆ ಸಮಾಚಾರ ತಾನಾಗಿಯೇ ಕಂದಾಯದ ದಾಖಲೆಯ ಕಡೆಗೆ ಹರಿದು ಹಕ್ಕು ಬದಲಾವಣೆಯ ಕಾರ್ಯ ಆರಂಭವಾಗುತ್ತದೆ. ನೋಂದಣಿ ಪ್ರೇರಣೆ, ಖಾತೆಯ ಬದಲಾವಣೆ ಕ್ರಿಯೆ. ಆದರೆ ಇವೆರಡರ ನಡುವೆ ನೋಟೀಸು ಹೊರಡುತ್ತದೆ. ಆಕ್ಷೇಪಣೆ ಉಳ್ಳವರು ಮುಂದೆ ಬರಲು ಕಾಲಾವಕಾಶ ದೊರೆಯುತ್ತದೆ. ಒಬ್ಬನ ಹೊಲ ತಪ್ಪಾಗಿ ಇನ್ನೊಬ್ಬನ ಹೆಸರಿಗೆ ಹೋಗಬಾರದೆಂಬುದೇ ಈ ತಡೆಯ ಉದ್ದೇಶ. ಇದನ್ನು ಕೇವಲ ವಿಳಂಬವೆಂದು ತಿಳಿಯುವುದು ತಪ್ಪು. ಇಡೀ ವ್ಯವಸ್ಥೆಯ ವಿವೇಕವು ಇರುವುದು ಈ ತಡೆಯಲ್ಲಿಯೇ.

ವಿದ್ಯಾರ್ಥಿಯ ಬೆಸುಗೆಗೂ ಇಂತಹ ತಡೆಯೊಂದು ಬೇಕು. ಕೋಷ್ಟಕದಲ್ಲಿ ‘ಪರಿಶೀಲಿಸಿದೆ’ ಎಂಬ ಒಂದು ಅಂಕಣವನ್ನಿಟ್ಟು, ಬರೆದವರು ಮತ್ತೊಮ್ಮೆ ಓದಿ ಅಲ್ಲಿ ಗುರುತು ಹಾಕಿದ ಮೇಲೆಯೇ ಕ್ರಿಯೆ ನಡೆಯುವಂತೆ ವಿಧಿಸಿದರೆ ಸಾಕು. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯುವುದು, ಇಲ್ಲವೇ ದಿನಾಂಕಕ್ಕೆಂದೇ ಇರುವ ಅಂಕಣವನ್ನು ಬಳಸುವುದು ಮೇಲು. ಬೆಸುಗೆಗೆ ಕೊಡುವ ಗುಪ್ತ ಕೀಲಿಯು ಮನೆಯ ಬೀಗದ ಕೈಗೆ ಸಮಾನ. ಅದನ್ನು ಗೆಳೆಯರಿಗೂ ಕೊಡಬಾರದು. ಯಾವ ಹಾಳೆಗಳನ್ನು ಬೆಸುಗೆಗೆ ತೋರಿಸಬೇಕೆಂಬುದನ್ನು ಆರಿಸುವ ಅಧಿಕಾರ ನಮ್ಮಲ್ಲಿಯೇ ಇರುವುದರಿಂದ, ಬೇಕಾದಷ್ಟನ್ನು ಮಾತ್ರ ತೋರಿಸುವುದು ಲೇಸು.

ಕಡೆಯದಾಗಿ ಒಂದು ಮಾತು. ದಿನಾಂಕವನ್ನು ಒಯ್ಯುವ ಕೆಲಸವನ್ನು ಯಂತ್ರಕ್ಕೆ ಬಿಡೋಣ. ಅದರಿಂದ ನಮಗೆ ನಷ್ಟವಿಲ್ಲ. ಆದರೆ ಪಾಠವನ್ನು ಕೇಳಿ, ಸಾರವನ್ನು ಹಿಂಡಿ, ನಮ್ಮ ಮಾತಿನಲ್ಲಿ ಬರೆಯುವ ಕೆಲಸವನ್ನೂ ಅದಕ್ಕೇ ಬಿಟ್ಟುಕೊಟ್ಟರೆ, ತುಂಬುವುದು ಟಿಪ್ಪಣಿ ಪುಸ್ತಕವೇ ಹೊರತು ತಲೆಯಲ್ಲ. ಚೀಟಿಯನ್ನು ಅಡಿಗೆಮನೆಗೆ ಯಾರು ಬೇಕಾದರೂ ಒಯ್ಯಲಿ. ಇಡ್ಲಿಯನ್ನು ಮಾತ್ರ ನಾವೇ ತಿನ್ನಬೇಕು.