ಚೀಟಿ ಮೇಲಿನ ನಂಬರ್ ನಿಮ್ಮದೇ ಆಗಿರಲಿ

ಪಿಂಚಣಿಯಿಂದ ಹಿಡಿದು ಜಾತಿ, ಆದಾಯ ಪ್ರಮಾಣಪತ್ರದವರೆಗೆ ಯಾವ ಅರ್ಜಿ ಹಾಕಿದರೂ ಕೈಗೆ ಒಂದು ಚೀಟಿ ಸಿಗುತ್ತದೆ, ಅದರ ಮೇಲೊಂದು ನಂಬರ್. ಮುಂದೆ ವಿಚಾರಿಸಲು ಹೋದರೆ ಕೌಂಟರಿನಲ್ಲಿ ಮೊದಲು ಕೇಳುವುದೇ ಆ ನಂಬರನ್ನು. ಆದ್ದರಿಂದ ಅದು ಎಲ್ಲಿಂದ ಬರುತ್ತದೆ ಎಂಬುದು ಬರೀ ಕಂಪ್ಯೂಟರಿನವರ ವಿಷಯವಲ್ಲ, ನಮ್ಮೆಲ್ಲರ ವಿಷಯ ಎಂಬುದು ನಮ್ಮ ಅಭಿಪ್ರಾಯ.

ನೀವು ಕೊಟ್ಟ ವಿವರ ಡೇಟಾಬೇಸ್‌ನಲ್ಲಿ ಒಂದು ಸಾಲಾಗಿ ಸೇರುತ್ತದೆ, ಲೆಡ್ಜರ್‌ನಲ್ಲಿ ಒಂದು ಸಾಲು ಬರೆದ ಹಾಗೆ. ಆ ಸಾಲಿಗೆ ಡೇಟಾಬೇಸ್ ತಾನೇ ಒಂದು ಸಂಖ್ಯೆ ಕೊಡುತ್ತದೆ. ನೂರು ಜನ ಒಟ್ಟಿಗೆ ಅರ್ಜಿ ಹಾಕಿದರೂ ನೂರು ಬೇರೆ ಬೇರೆ ಸಂಖ್ಯೆ. ಇಲ್ಲಿಯವರೆಗೆ ತೊಂದರೆಯಿಲ್ಲ. ಎಡವಟ್ಟಾಗುವುದು ಆ ಸಂಖ್ಯೆಯನ್ನು ತಿರುಗಿ ಕೇಳುವಾಗ.

ಕೆಲವರು ಬರೆಯುವ ಸಾಫ್ಟ್‌ವೇರ್, ಸಾಲು ಸೇರಿಸಿದ ಮೇಲೆ "ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಯಾವುದು?" ಎಂದು ಕೇಳುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳಿ. ಒಂದನೇ ಕೌಂಟರಿನಲ್ಲಿ ಅಜ್ಜಿಯೊಬ್ಬರ ಅರ್ಜಿ ಸೇರಿತು, ಸಂಖ್ಯೆ 1041. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡನೇ ಕೌಂಟರಿನಿಂದ ಇನ್ನೊಬ್ಬರ ಅರ್ಜಿ ಸೇರಿತು, 1042. ಈಗ ಒಂದನೇ ಕೌಂಟರ್ ದೊಡ್ಡ ಸಂಖ್ಯೆ ಕೇಳಿದರೆ ಸಿಗುವುದು 1042. ಅಜ್ಜಿಯ ಚೀಟಿಯಲ್ಲಿ ಅದೇ ಅಚ್ಚಾಗುತ್ತದೆ. ಅವರ ಆಧಾರ್, ಪಾಸ್‌ಬುಕ್ ಪ್ರತಿಗಳು ಬೇರೆಯವರ ಅರ್ಜಿಗೆ ಅಂಟಿಕೊಳ್ಳುತ್ತವೆ. ಅಜ್ಜಿಯ ಅರ್ಜಿ ದಾಖಲೆ ಇಲ್ಲದೆ ಬಿದ್ದಿರುತ್ತದೆ. ತಪ್ಪು ಎಲ್ಲಾಯಿತು ಎಂದು ಕೌಂಟರಿನ ಹುಡುಗನಿಗೂ ತಿಳಿಯದು.

ಒಬ್ಬರೇ ಕೂತು ಪರೀಕ್ಷಿಸಿದರೆ ಈ ತಪ್ಪು ಕಾಣುವುದೇ ಇಲ್ಲ. ಕೊನೆಯ ದಿನಾಂಕದ ನೂಕುನುಗ್ಗಲಿನಲ್ಲಿ ಹೊರಬೀಳುತ್ತದೆ. ಅದೂ ಎಲ್ಲರಿಗಲ್ಲ, ಯಾರೋ ಕೆಲವರಿಗೆ. ಅದಕ್ಕೇ ಇದು ಅಪಾಯಕಾರಿ.

ಪರಿಹಾರ ಕಷ್ಟದ್ದಲ್ಲ. "ಕೊನೆಯ ಸಂಖ್ಯೆ ಯಾವುದು" ಎಂದು ಕೇಳಬಾರದು, "ನನಗೆ ಕೊಟ್ಟ ಸಂಖ್ಯೆ ಯಾವುದು" ಎಂದು ಕೇಳಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಸಾಲು ಸೇರಿಸುವ ಆದೇಶಕ್ಕೇ 'ರಿಟರ್ನಿಂಗ್' ಎಂದು ಜೋಡಿಸಿದರೆ ಸಂಖ್ಯೆ ಅದೇ ಉತ್ತರದಲ್ಲಿ ಬರುತ್ತದೆ. ಮೈಎಸ್‌ಕ್ಯೂಎಲ್‌ನ 'ಲಾಸ್ಟ್ ಇನ್ಸರ್ಟ್ ಐಡಿ' ಪ್ರತಿ ಕನೆಕ್ಷನ್‌ಗೂ ಬೇರೆಬೇರೆ ಲೆಕ್ಕ ಇಡುತ್ತದೆ. ಸಾಲು ಸೇರಿಸಿದ ಕನೆಕ್ಷನ್‌ನಲ್ಲೇ ಕೇಳಿದರೆ ಪಕ್ಕದ ಕೌಂಟರಿನ ಸಂಖ್ಯೆ ಬರುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್ ಬಳಸುವವರು 'ಸ್ಕೋಪ್ ಐಡೆಂಟಿಟಿ' ಬಳಸಲಿ. ಅಲ್ಲಿನ 'ಆಟ್ ಆಟ್ ಐಡೆಂಟಿಟಿ'ಯನ್ನು ನೆಚ್ಚಿಕೊಂಡರೆ, ಹಿಂದೆ ಓಡುವ ಟ್ರಿಗರ್ ಬೇರೆ ಪಟ್ಟಿಗೆ ಸೇರಿಸಿದ ಸಾಲಿನ ಸಂಖ್ಯೆ ಕೈಗೆ ಬರಬಹುದು.

"ನಮ್ಮದು ಸಣ್ಣ ಸೊಸೈಟಿ, ಒಂದೇ ಕಂಪ್ಯೂಟರ್, ಇಷ್ಟೆಲ್ಲ ಯಾಕೆ?" ಎನ್ನುವವರಿದ್ದಾರೆ. ಇವತ್ತು ಒಂದೇ ಕಂಪ್ಯೂಟರ್, ನಾಳೆ ಕಾರ್ಯದರ್ಶಿಯ ಮೊಬೈಲ್‌ನಲ್ಲೂ ಅದೇ ಆ್ಯಪ್ ಓಡುತ್ತದೆ. ಒಂದು ಸಾಲು ಸರಿಯಾಗಿ ಬರೆದರೆ ಮುಗಿಯುವ ಕೆಲಸಕ್ಕೆ ಸಣ್ಣದು ದೊಡ್ಡದು ಎಂಬ ನೆಪ ಬೇಡ.

ಇನ್ನೊಂದು ಮಾತು. ನಂಬರ್ 1043 ಆದ ಮೇಲೆ 1045 ಬಂದರೆ "ಮಧ್ಯದ್ದನ್ನು ನುಂಗಿದರು" ಎಂದು ಅನುಮಾನಪಡಬೇಕಿಲ್ಲ. ಅರ್ಧಕ್ಕೆ ನಿಂತ ಅರ್ಜಿಗೆ ಕೊಟ್ಟ ಸಂಖ್ಯೆಯನ್ನು ಡೇಟಾಬೇಸ್ ಸಾಮಾನ್ಯವಾಗಿ ಮತ್ತೊಬ್ಬರಿಗೆ ಕೊಡುವುದಿಲ್ಲ. ಸಂಖ್ಯೆ ತಪ್ಪಿಹೋಗುವುದು ದೋಷವಲ್ಲ, ಅದಲುಬದಲಾಗುವುದು ದೋಷ.

ಪಂಚಾಯ್ತಿಯಾಗಲಿ, ಡೇರಿಯಾಗಲಿ, ಜನರ ದುಡ್ಡಿನಲ್ಲಿ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಹತ್ತು ಫೋನಿನಿಂದ ಒಂದೇ ಸಲ ಅರ್ಜಿ ಹಾಕಿಸಿ, ಹತ್ತು ಚೀಟಿಗಳನ್ನೂ ಹೆಸರಿನ ಜೊತೆ ತಾಳೆ ನೋಡಬೇಕು. ಇದು ಗ್ರಾಮಸಭೆಯಲ್ಲಿ ಕೇಳಬಹುದಾದ ಪ್ರಶ್ನೆ. ಅಲ್ಲಿಯವರೆಗೆ ನೀವೂ ಕೌಂಟರ್ ಬಿಡುವ ಮುಂಚೆ ಒಮ್ಮೆ ಹೇಳಿ: "ಈ ನಂಬರ್ ಹಾಕಿ ನೋಡಿ ಸ್ವಾಮಿ, ನನ್ನ ಹೆಸರೇ ಬರುತ್ತಾ?"